ಇಲ್ಲಿ ಸರಿಯಾಗಿಯೇ ಓಡುತ್ತಿದೆ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲಿದ್ದವರು ಗುರುಪಾದಜ್ಜ.

ಕಾವಿ ಉಡುವ ಮೊದಲು ಅಜ್ಜ ಒಂದು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಸೀಸದ ಕಾಲ ಮುಗಿದು ಕಂಪ್ಯೂಟರ್ ಬಂದಾಗ ಅದನ್ನೂ ಕಲಿತರು. ಕನ್ನಡದ ಪುಟಗಳನ್ನು ಅಂದವಾಗಿ ಜೋಡಿಸುವ ಒಂದು ತಂತ್ರಾಂಶ ಬರೆದರು. ಅದಕ್ಕೆ 'ಅಚ್ಚುಮೊಳೆ' ಎಂದು ಹೆಸರಿಟ್ಟು, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ತಿದ್ದಲಿ ಎಂದು ಲೋಕಕ್ಕೆ ಬಿಟ್ಟುಕೊಟ್ಟರು.

ಆಮೇಲೆ ಆಶ್ರಮಕ್ಕೆ ಎರಡು ಬಗೆಯ ಜನ ಬರತೊಡಗಿದರು. ಮನಸ್ಸು ಸರಿಯಿಲ್ಲ ಎನ್ನುವವರು, ಕಂಪ್ಯೂಟರಿನ ಕೋಡ್ ಸರಿಯಿಲ್ಲ ಎನ್ನುವವರು. ಅಜ್ಜ ಇಬ್ಬರಿಗೂ ಒಂದೇ ಚಾಪೆ ಹಾಸುತ್ತಿದ್ದರು.

ಅಜ್ಜ ನೇರವಾಗಿ ಉತ್ತರ ಕೊಡುವುದು ಅಪರೂಪ. ತಪ್ಪು ಎಲ್ಲಿದೆ ಎಂದು ಕೇಳಿದರೆ, "ಹೊಳ್ಯಾಗ ಮುಖ ತೊಳ್ಕೊಂಡ ಬಾ" ಅನ್ನುವರು. ಮುಖ ತೊಳೆದು ಬರುವಷ್ಟರಲ್ಲಿ ಎಷ್ಟೋ ಸಲ ತಪ್ಪು ತಾನಾಗಿಯೇ ಹೊಳೆದಿರುತ್ತಿತ್ತು. ಹಾಗಾಗಿ ಅಜ್ಜನ ಒಗಟಿನ ಮಾತೆಂದರೆ ಶಿಷ್ಯರಿಗೆ ಬಲು ನಂಬಿಕೆ.

ಆ ಶಿಷ್ಯರಲ್ಲಿ ಚುರುಕಾದವನು ಕಲ್ಮೇಶ. ಅಜ್ಜನ ಕಣ್ಣು ಮಂಜಾಗುತ್ತ ಬಂದ ಮೇಲೆ ಅಚ್ಚುಮೊಳೆಯ ಉಸ್ತುವಾರಿಯೆಲ್ಲ ಅವನ ಕೈಗೆ ಬಂತು.

ಅವನು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಒತ್ತಕ್ಷರ. ಅಕ್ಷರದ ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು ಬಂದರೆ ಹಳೆಯ ಅಚ್ಚುಮೊಳೆ ತಡವರಿಸುತ್ತಿತ್ತು. ಒಂದರ ಮೇಲೊಂದು ಬಿದ್ದು ಮಸಿಯ ಮುದ್ದೆಯಾಗುತ್ತಿತ್ತು. ಕಲ್ಮೇಶ ಊಟ ನಿದ್ದೆ ಮರೆತು ಅದನ್ನು ಸರಿಪಡಿಸಿ ಹೊಸ ಆವೃತ್ತಿ ಹೊರಡಿಸಿದ.

ಜನ ಮೆಚ್ಚಿದರು. ಅಜ್ಜ ಪರದೆಗೆ ಮುಖ ಹತ್ತಿರ ತಂದು ಒಂದೊಂದೇ ಅಕ್ಷರ ನೋಡಿ, "ಛಲೋ ಕುಂತಾವ" ಎಂದರು. ಅಜ್ಜನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಆ ಸಂತೋಷದಲ್ಲೇ ಒಂದು ದೂರು ಬಂತು.

ತಂತ್ರಾಂಶದ ದೂರುಗಳಿಗೆಂದೇ ಇಂಟರ್ನೆಟ್ಟಿನಲ್ಲಿ ಒಂದು ಪುಟವಿತ್ತು. ಅಲ್ಲಿ ಹಿರಿಯೂರಿನಿಂದ ಜಮೀಲಾ ಎಂಬ ಹೆಂಗಸು ಬರೆದಿದ್ದಳು. ಅವಳದೊಂದು ಸಣ್ಣ ಪ್ರೆಸ್ಸು. ಕಂಪ್ಯೂಟರ್ ಹಳೆಯದು. ಹಳೆಯ ಕಂಪ್ಯೂಟರ್ ಇದ್ದವರು ಕೋಡನ್ನು ಇಳಿಸಿಕೊಂಡು, ತಮ್ಮಲ್ಲಿ ಓಡುವ ಹಾಗೆ ತಾವೇ ಕಟ್ಟಿಕೊಳ್ಳಬೇಕು. ಅದಕ್ಕೆ ಬಿಲ್ಡ್ ಎನ್ನುತ್ತಾರೆ.

'ಬಿಲ್ಡ್ ಅರ್ಧಕ್ಕೇ ನಿಲ್ಲುತ್ತಿದೆ' ಎಂದು ಜಮೀಲಾ ಬರೆದಿದ್ದಳು. ಅದರ ಕೆಳಗೆ ಪರದೆಯ ಮೇಲೆ ಬಂದದ್ದನ್ನೆಲ್ಲ, ಮೊಳಗಟ್ಟಲೆ, ಹಾಗೆಯೇ ಅಂಟಿಸಿದ್ದಳು.

ಕಲ್ಮೇಶ ಮೇಲಿನ ಒಂದೆರಡು ಸಾಲು ಓದಿದ. ತನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ ನೋಡಿದ. ಚಕ್ಕನೆ ಆಯಿತು.

'ಇಲ್ಲಿ ಸರಿಯಾಗಿಯೇ ಓಡುತ್ತಿದೆ. ನಿಮ್ಮ ಕಂಪ್ಯೂಟರ್ ಹಳೆಯದಾದ್ದರಿಂದ ಹೀಗಾಗಿರಬಹುದು' ಎಂದು ಬರೆದು, ಕೆಳಗೆ 'ಅಚ್ಚುಮೊಳೆ ಬಳಗ' ಎಂದು ಸಹಿ ಹಾಕಿ, ದೂರು ಮುಗಿಯಿತು ಎಂದು ಗುರುತು ಮಾಡಿದ.

ಕೆಲವು ದಿನ ಬಿಟ್ಟು ಜಮೀಲಾ ಮತ್ತೆ ಬರೆದಳು.

'ಕಂಪ್ಯೂಟರ್ ಹಳೆಯದು ನಿಜ. ಆದರೆ ಹಿಂದಿನ ಆವೃತ್ತಿ ಇದರಲ್ಲೇ ಆಗಿತ್ತು. ದಯವಿಟ್ಟು ಇನ್ನೊಮ್ಮೆ ನೋಡಿ. ನಮ್ಮ ಮೇಷ್ಟ್ರು ಕಾಯುತ್ತಿದ್ದಾರೆ.'

ಕಲ್ಮೇಶ ಆಗ ಪುಟದ ಅಂಚಿಗೆ ಬಳ್ಳಿ ಹೂವಿನ ಚಿತ್ತಾರ ಕೂಡಿಸುವ ಕೆಲಸದಲ್ಲಿ ಮುಳುಗಿದ್ದ. ಎಲ್ಲರಿಗೂ ಯಾರೋ ಒಬ್ಬರು ಕಾಯುತ್ತಲೇ ಇರುತ್ತಾರೆ ಅಂದುಕೊಂಡ. ನೋಡಿದರಾಯಿತು ಎಂದು ಬದಿಗಿಟ್ಟ.

ಅದೇ ಸಂಜೆ ಅಜ್ಜ ಅವನ ಹಿಂದೆ ಬಂದು ನಿಂತರು.

"ಕಲ್ಮೇಶಾ, ನೀ ಇಲ್ಲದಾಗ ಇದು ಓಡ್ತೈತೇನು?"

"ನಾ ಮಲಗಿದ್ರೂ ಓಡ್ತೈತ್ರೀ ಅಜ್ಜಾರ."

"ಹೌದೇನು?"

"ಹೌದ್ರೀ. ಯಾಕ್ರೀ?"

"ಸುಮ್ನ ಕೇಳಿದೆ."

ಅಜ್ಜ ಒಳಗೊಳಗೇ ನಗುತ್ತ ಹೊಳೆಯ ಕಡೆ ಹೋದರು. ಕಲ್ಮೇಶ ಬಳ್ಳಿಯ ಎಲೆಗೆ ಇನ್ನೊಂದು ಬಾಗು ಕೊಟ್ಟ.

ಚಿತ್ತಾರ ಮುಗಿಯುವ ಹೊತ್ತಿಗೆ ದೂರಿನ ಪುಟದಲ್ಲಿ ಜಮೀಲಾಳ ಇನ್ನೊಂದು ಬರಹ ಬಂದಿತ್ತು. ಈ ಸಲ ಅಂಟಿಸಿದ ಸಾಲುಗಳಿರಲಿಲ್ಲ.

'ಇನ್ನು ಅವಸರವಿಲ್ಲ. ಮೇಷ್ಟ್ರು ಹೋಗಿಬಿಟ್ಟರು. ಆದರೂ ಪುಸ್ತಕ ಆಗಬೇಕು. ಬಿಡುವಾದಾಗ ನೋಡಿ.'

ಕಲ್ಮೇಶ ಅದನ್ನು ಓದಿದ. ಕುರ್ಚಿಯಿಂದ ಎದ್ದ. ಮತ್ತೆ ಕೂತು ಓದಿದ. ಆಮೇಲೆ ಅಜ್ಜನ ಕೋಣೆಯ ಬಾಗಿಲಿಗೆ ಹೋಗಿ ನಿಂತ.

ಅಜ್ಜ ಆಗಲೇ ಹೆಗಲಿಗೆ ಜೋಳಿಗೆ ಹಾಕಿಕೊಂಡಿದ್ದರು. ಅವರೂ ಓದಿದ್ದರು.

"ನಡಿ, ಹಿರಿಯೂರಿಗೆ ಹೋಗೂಣು."

"ನನ್ನ ಲ್ಯಾಪ್‌ಟಾಪ್ ತಗೊಂಡ ಬರ್ತೇನ್ರೀ."

"ಅದನ್ನ ಇಲ್ಲೇ ಬಿಡು."

"ಅದಿಲ್ಲದ ಹೆಂಗ ನೋಡ್ಲ್ರೀ ಅಜ್ಜಾರ?"

"ಅಕಿ ಕಡೆ ಇರೂದ್ರಾಗ ನೋಡು."

ಬಸ್ಸಿನಲ್ಲಿ ಅಜ್ಜ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯಲ್ಲ. ಕಲ್ಮೇಶ ಮನಸ್ಸಿನಲ್ಲೇ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡ. ಹುಬ್ಬಳ್ಳಿಯಲ್ಲಿ ಒಂದು ಬಗೆ, ದಾವಣಗೆರೆ ದಾಟಿದ ಮೇಲೆ ಇನ್ನೊಂದು ಬಗೆ. ಯಾವುದೂ ಸರಿಯಾಗಿ ಕೂರಲಿಲ್ಲ.

ಪ್ರೆಸ್ಸು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಒಳಗೆ ಮಸಿಯ, ಸೀಮೆಎಣ್ಣೆಯ ವಾಸನೆ. ಗೋಡೆಗೆ ಒತ್ತಿ ಮದುವೆ ಕಾರ್ಡುಗಳ ಕಟ್ಟು. ಜಮೀಲಾ ನಲವತ್ತು ದಾಟಿದ ಹೆಂಗಸು. ಕಾವಿ ಉಟ್ಟವರು ಮೆಟ್ಟಿಲು ಹತ್ತಿದ್ದು ಕಂಡು, ಚಂದಾಕ್ಕೆ ಬಂದಿರಬೇಕು ಎಂದು ಗಲ್ಲಾಪೆಟ್ಟಿಗೆಯ ಕಡೆ ಕೈ ಚಾಚಿದಳು.

"ಅಚ್ಚುಮೊಳೆಯವರು ನಾವು ತಾಯಿ" ಎಂದರು ಅಜ್ಜ.

ಅವಳ ಕೈ ಅಲ್ಲಿಯೇ ನಿಂತಿತು.

"ಅಷ್ಟು ದೂರದಿಂದ ಬಂದ್ರಾ ಸ್ವಾಮಿ? ಇಷ್ಟಕ್ಕೆ?"

ಕಲ್ಮೇಶ ಜೋಡಿಸಿಟ್ಟುಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅವಳು ನೀರು ಕೊಟ್ಟಳು, ಚಹಾ ತರಿಸಿದಳು. ಕೇಳದೆಯೇ ಮೇಷ್ಟ್ರ ವಿಷಯ ಹೇಳಿದಳು. ಓಬಯ್ಯ ಮೇಷ್ಟ್ರು ಅವಳಿಗೆ ಅಕ್ಷರ ತಿದ್ದಿಸಿದವರು. ಅಪ್ಪ ಶಾಲೆ ಬಿಡಿಸಿದಾಗ ಮನೆ ಬಾಗಿಲಿಗೆ ಬಂದು ಕೂತು, ಕಳಿಸುವ ತನಕ ಎದ್ದಿರಲಿಲ್ಲ. ನಿವೃತ್ತಿಯಾದ ಮೇಲೆ ದನ ಕೂಡುವ ರೊಪ್ಪಗಳನ್ನು ಸುತ್ತಿ, ದನಗಾಹಿಗಳ ಜೊತೆ ಕೂತು, ಅವರ ಬಾಯಲ್ಲಿ ಮಾತ್ರ ಉಳಿದಿದ್ದ ಪದಗಳನ್ನು ಬರೆದುಕೊಂಡಿದ್ದರು. ದನದ ಬಣ್ಣಕ್ಕೆ, ಕೊಂಬಿನ ಸೊಟ್ಟಕ್ಕೆ, ನಡಿಗೆಗೆ, ಕರುವನ್ನು ಕರೆಯುವ ದನಿಗೆ, ಒಂದೊಂದಕ್ಕೂ ಬೇರೆ ಬೇರೆ ಪದ.

"ಬಾಯಿ ಮಾತು ಹೇಗಿದೆಯೋ ಹಾಗೇ ಬರೆದಿದ್ರು. ಅದಕ್ಕೇ ಒತ್ತಿನ ಮೇಲೆ ಒತ್ತು. ಹಳೇ ಅಚ್ಚುಮೊಳೆಯಲ್ಲಿ ಕೂರ್ತಿರಲಿಲ್ಲ. ಹೊಸದರಲ್ಲಿ ಕೂರುತ್ತೆ ಅಂತ ಓದಿ ಮೇಷ್ಟ್ರಿಗೆ ಹೇಳಿದೆ. ಎಷ್ಟು ಖುಷಿಪಟ್ರು ಗೊತ್ತಾ?"

"ಕಂಪ್ಯೂಟರ್ ತೋರಸ್ರೀ ಅಕ್ಕಾರ" ಎಂದ ಕಲ್ಮೇಶ. ಇನ್ನು ಕೇಳುತ್ತ ಕೂರಲು ಅವನಿಂದ ಆಗುತ್ತಿರಲಿಲ್ಲ.

ಅವನು ಅವಳ ಕುರ್ಚಿಯಲ್ಲಿ ಕೂತು ಬಿಲ್ಡ್ ಶುರು ಮಾಡಿದ. ಸಾಲುಗಳು ನಿಧಾನವಾಗಿ ಉರುಳಿದವು. ಅರ್ಧಕ್ಕೆ ನಿಂತವು.

ಈ ಸಲ ಅವನು ಕಡೆಯ ಸಾಲಿನ ತನಕ ಓದಿದ.

ಕಡೆಯ ಸಾಲಿನಲ್ಲಿ ಅವನ ಹೆಸರಿತ್ತು.

ಅಕ್ಷರಗಳ ಕಡತ ಎಲ್ಲಿದೆ ಎಂದು ತಂತ್ರಾಂಶಕ್ಕೆ ತಿಳಿಸುವ ಒಂದು ಕಾನ್ಫಿಗರೇಷನ್ ಫೈಲ್ ಇರುತ್ತದೆ. ಅದರಲ್ಲಿ ಕಲ್ಮೇಶ, ಅವಸರದ ಒಂದು ದಿನ, ತನ್ನದೇ ಕಂಪ್ಯೂಟರಿನ ವಿಳಾಸ ಬರೆದುಬಿಟ್ಟಿದ್ದ. ತನ್ನ ಹೆಸರಿನ ಫೋಲ್ಡರ್, ಅದರೊಳಗಿನ ಅಕ್ಷರಗಳು. ಅವನ ಕಂಪ್ಯೂಟರಿನಲ್ಲಿ ಆ ಫೋಲ್ಡರ್ ಇದ್ದೇ ಇತ್ತು. ಬೇರೆಡೆ ಅದು ಇರುವುದು ಹೇಗೆ?

"ಇದೇ ನೋಡಿ" ಎಂದಳು ಜಮೀಲಾ, ಪರದೆಯ ಮೇಲೆ ಬೆರಳಿಟ್ಟು. "ಈ ಕಲ್ಮೇಶ ಸಿಗ್ತಾ ಇಲ್ಲ ಅಂತ ಹೇಳುತ್ತೆ. ಕಲ್ಮೇಶ ಅನ್ನೋದು ಯಾವುದೋ ಬೇಕಾದ ಕಡತ ಅಂದುಕೊಂಡೆ. ಎಲ್ಲೆಲ್ಲೋ ಹುಡುಕಿದೆ. ಇಂಟರ್ನೆಟ್ಟಲ್ಲೆಲ್ಲಾ ಜಾಲಾಡಿದೆ. ಬೆಂಗಳೂರಲ್ಲಿರೋ ಗೊತ್ತಿರೋರನ್ನೂ ಕೇಳಿದೆ. ಎಲ್ಲೂ ಸಿಗಲಿಲ್ಲ."

ಕಲ್ಮೇಶ ತಲೆಯೆತ್ತಲಿಲ್ಲ.

"ಮೇಷ್ಟ್ರಿಗೂ ಆ ಹೆಸರು ಬಾಯಿಪಾಠ ಆಗೋಗಿತ್ತು. ಆಸ್ಪತ್ರೇಲಿ ಮಲಗಿದ್ದಾಗ ನಾನು ಹೋದ್ರೆ ಮೊದಲು ಅದೇ ಕೇಳೋರು. 'ಏನಮ್ಮಾ, ಕಲ್ಮೇಶ ಸಿಕ್ಕಿದನಾ?' ಅಂತ. ಇಲ್ಲ ಮೇಷ್ಟ್ರೇ ಅಂದ್ರೆ, 'ಬರ್ತಾನೆ ಬಿಡು' ಅನ್ನೋರು. ತಮಾಷೆ ಮಾಡೋರು."

ಅವಳು ಸ್ವಲ್ಪ ನಕ್ಕಳು. ಅವನು ನಗದಿದ್ದುದನ್ನು ಕಂಡು ನಗು ನಿಲ್ಲಿಸಿದಳು.

"ಯಾಕೆ ಸರ್?"

"ಅಕ್ಕಾರ, ಕಲ್ಮೇಶ ಅಂದ್ರ ನಾನರೀ."

ಹೊರಗೆ ಬಸ್ಸಿನವನೊಬ್ಬ ಚಳ್ಳಕೆರೆ, ಚಳ್ಳಕೆರೆ ಎಂದು ಕೂಗುತ್ತಿದ್ದ.

"ನನ್ನ ಕಂಪ್ಯೂಟರಿನ ವಿಳಾಸ ಅದರಾಗ ಉಳದಿತ್ರೀ. ನೀವು ಬರದ ಕೂಡಲೇ ಪೂರ್ತಿ ಓದಿದ್ರ ಅವತ್ತ ಸಿಗ್ತಿತ್ತು. ನಾ ಓದಲಿಲ್ರೀ."

ಜಮೀಲಾ ಅವನನ್ನು ನೋಡಿದಳು. ಸಿಟ್ಟಾಗುತ್ತಾಳೆ ಎಂದು ಅವನು ಕಾದ. ಸಿಟ್ಟಾದರೇ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ.

"ಸರಿ ಮಾಡೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದಳು.

"ಒಂದೇ ಸಾಲು ಐತ್ರೀ."

"ಒಂದೇ ಸಾಲಾ?"

"ಹೌದ್ರೀ."

ಅವಳು ಮುಖ ತಿರುಗಿಸಿ ಕಾರ್ಡಿನ ಕಟ್ಟುಗಳನ್ನು ಎತ್ತಿ, ಇದ್ದ ಜಾಗದಲ್ಲೇ ಮತ್ತೆ ಇಟ್ಟಳು.

ಕಲ್ಮೇಶ ಆ ಸಾಲನ್ನು ಅಳಿಸಿದ. ಕಡತ ಯಾರ ಕಂಪ್ಯೂಟರಿನಲ್ಲಿ ಎಲ್ಲಿದ್ದರೂ ಹುಡುಕಿಕೊಳ್ಳುವ ಹಾಗೆ ಬರೆದ. ಬಿಲ್ಡ್ ಮುಗಿಯಿತು. ಅವಳು ಟೈಪ್ ಮಾಡಿಟ್ಟಿದ್ದ ಓಬಯ್ಯ ಮೇಷ್ಟ್ರ ಪದಗಳು ಪುಟಕ್ಕೆ ಬಂದು ನಿಂತವು. ಒತ್ತಿನ ಕೆಳಗಿನ ಒತ್ತು ಅಂದವಾಗಿ, ಯಾವುದೂ ಯಾವುದನ್ನೂ ಮುಟ್ಟದ ಹಾಗೆ ಕೂತಿತ್ತು. ತನ್ನ ಕೆಲಸ ಇಷ್ಟು ಚೆಂದ ಕಂಡದ್ದನ್ನು ಅವನು ಹಿಂದೆ ನೋಡಿರಲಿಲ್ಲ. ನೋಡಲಾಗದೆ ಎದ್ದು ಬಾಗಿಲಿಗೆ ಹೋದ.

"ಹೋಗಬೇಡಿ. ಇನ್ನೂ ಕೆಲಸ ಇದೆ" ಎಂದಳು ಜಮೀಲಾ.

ಮೇಷ್ಟ್ರ ಕೈಬರಹದ ಹಾಳೆಗಳನ್ನು ತಂದು ಮುಂದಿಟ್ಟಳು. ಮೊದಲ ಹಾಳೆಗಳಲ್ಲಿ ಅಕ್ಷರ ಮುತ್ತಿನಂತಿತ್ತು. ಬರುಬರುತ್ತ ಕೈ ನಡುಗಿತ್ತು.

"ಇದು ಲ ನೋ ಳ ನೋ ಗೊತ್ತಾಗಲ್ಲ. ಇಲ್ಲಿ ದೀರ್ಘ ಇದೆಯೋ ಇಲ್ಲವೋ ಗೊತ್ತಾಗಲ್ಲ. ಇಂಥವು ಬೇಕಾದಷ್ಟಿವೆ. 'ಅಚ್ಚಾದ ಹಾಳೆ ತಂದುಕೊಡು, ದೊಡ್ಡ ಅಕ್ಷರ ಆದ್ರೆ ನಂಗೂ ಕಾಣುತ್ತೆ, ಕೂತು ತಿದ್ದಿಕೊಡ್ತೀನಿ' ಅಂದಿದ್ರು. ಅದಕ್ಕೇ ಅಷ್ಟು ಅವಸರ ಮಾಡಿದ್ದು ನಾನು."

"ಆ ದನಗಾಹಿಗಳನ್ನ ಕೇಳಿದ್ರ ಆಗೂದಿಲ್ಲೇನ್ರೀ?"

"ಕೇಳಿದೆ. ಕೆಲವಕ್ಕೆ ಹೇಳಿದ್ರು. ಉಳಿದವನ್ನ ಹೇಳಿಕೊಟ್ಟ ಮುದುಕರು ಮೇಷ್ಟ್ರಿಗಿಂತ ಮೊದಲೇ ಹೋದ್ರು. ಈಗಿನೋರಿಗೆ ಗೊತ್ತಿಲ್ಲ."

ಕಲ್ಮೇಶ ಅಜ್ಜನ ಮುಖ ನೋಡಿದ. ಇಂಥ ಹೊತ್ತಿನಲ್ಲಿ ಅಜ್ಜ ಏನಾದರೊಂದು ಹೇಳುತ್ತಿದ್ದರು. ಆ ಮಾತು ಮೊದಲಿಗೆ ಅರ್ಥವಾಗದಿದ್ದರೂ ಹಿಡಿದುಕೊಳ್ಳಲು ಒಂದು ಹಗ್ಗ ಸಿಕ್ಕಂತಾಗುತ್ತಿತ್ತು.

ಅಜ್ಜ ತಲೆ ತಗ್ಗಿಸಿ ಕೂತಿದ್ದರು.

"ಏನ್ ಮಾಡೂಣ್ರೀ ಅಕ್ಕಾರ?" ಎಂದು ಅವನು ಜಮೀಲಾಳನ್ನೇ ಕೇಳಿದ.

"ತೆಗೆದುಬಿಡೋಣ. ಗೊತ್ತಿಲ್ಲದ್ದನ್ನ ಗೊತ್ತಿರೋ ಹಾಗೆ ಅಚ್ಚು ಹಾಕಿದ್ರೆ ಮೇಷ್ಟ್ರು ಒಪ್ಪೋರಲ್ಲ. ನಾನು ಓದ್ತೀನಿ, ನೀವು ಅಳಿಸಿ."

ಅವಳು ಓದಿದಳು. ಅವನು ಅಳಿಸಿದ.

ಒಂದೊಂದು ಪದ ಹೋಗುವಾಗಲೂ ಕೆಳಗಿನ ಸಾಲು ಮೇಲೆ ಬಂದು ಆ ಜಾಗ ತುಂಬಿಕೊಳ್ಳುತ್ತಿತ್ತು. ಅಲ್ಲಿ ಏನೋ ಇತ್ತು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಜೋಡಿಸುವ ತಂತ್ರಾಂಶ ಅದು.

ಒಂದು ಪದಕ್ಕೆ ಬಂದು ಜಮೀಲಾ ಓದುವುದನ್ನು ನಿಲ್ಲಿಸಿದಳು. ಆ ಪದದ ಮುಂದೆ ಮೇಷ್ಟ್ರು ಅರ್ಥ ಬರೆದಿದ್ದರು. ಮಂದೆಯಿಂದ ತಪ್ಪಿಸಿಕೊಂಡು, ತಾನಾಗಿಯೇ ದಾರಿ ಹುಡುಕಿಕೊಂಡು ರೊಪ್ಪಕ್ಕೆ ಬಂದ ಹಸು. ಅರ್ಥ ಸ್ಪಷ್ಟವಾಗಿತ್ತು. ಪದ ಮಾತ್ರ ಓದಲಾಗುತ್ತಿರಲಿಲ್ಲ.

"ಇದನ್ನೂ?" ಎಂದ ಕಲ್ಮೇಶ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು. ಓರೆ ಮಾಡಿ ನೋಡಿದಳು. ಕಣ್ಣಿನ ಹತ್ತಿರ ತಂದಳು.

"ಇದನ್ನೂ" ಎಂದಳು.

ಹೊರಡುವಾಗ ಕಲ್ಮೇಶ ಅವಳ ಮುಂದೆ ಕೈಮುಗಿದು ನಿಂತ.

"ಅಕ್ಕಾರ, ನನ್ನ ತಪ್ಪ ಹೊಟ್ಟ್ಯಾಗ ಹಾಕ್ಕೋರಿ."

ಜಮೀಲಾ ಒಂದು ಗಳಿಗೆ ಯೋಚಿಸಿದಳು.

"ಈಗಲೇ ಹಾಂ ಅಂದ್ರೆ ಸುಳ್ಳು ಹೇಳಿದಂಗಾಗುತ್ತೆ. ಪುಸ್ತಕ ಆದ ಮೇಲೆ ಕಳಿಸ್ತೀನಿ. ವಿಳಾಸ ಕೊಟ್ಟು ಹೋಗಿ."

ಅವನು ವಿಳಾಸ ಬರೆದುಕೊಟ್ಟ. ಅಜ್ಜ ಅವಳಿಗೆ ಏನೂ ಉಪದೇಶ ಮಾಡಲಿಲ್ಲ. ಸ್ವಾಮಿಗಳಾದವರು ಹಾಗೆ ಬಾಗುವ ವಾಡಿಕೆಯಿಲ್ಲವೆಂದು ಗೊತ್ತಿದ್ದೂ, ಅವಳಿಗೆ ಬಾಗಿ ಕೈಮುಗಿದು ಮೆಟ್ಟಿಲಿಳಿದರು.

ಆಶ್ರಮಕ್ಕೆ ಮರಳಿದ ಮೇಲೆ ಕಲ್ಮೇಶ ತಿದ್ದಿದ ಆವೃತ್ತಿಯನ್ನು ಎಲ್ಲರಿಗೂ ಹೊರಡಿಸಿದ. ದೂರಿನ ಪುಟದಲ್ಲಿ, ತಪ್ಪು ನನ್ನದೇ ಆಗಿತ್ತು ಎಂದು ಬರೆದು, ಬಳಗದ ಹೆಸರು ಬಿಟ್ಟು ತನ್ನ ಹೆಸರು ಹಾಕಿದ. ಆಮೇಲೆ ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

"ಅಜ್ಜಾರ, ಒಂದ ಮಾತ ಕೇಳ್ಲ್ಯಾ?"

"ಕೇಳು."

"ನೀ ಇಲ್ಲದಾಗ ಇದು ಓಡ್ತೈತೇನು ಅಂತ ಕೇಳಿದ್ರಲ್ರೀ. ಅವತ್ತ ನಿಮಗ ಗೊತ್ತಿತ್ತೇನ್ರೀ?"

ಅಜ್ಜ ನೀರು ನೋಡುತ್ತಿದ್ದರು.

"ಗೊತ್ತಿತ್ತು."

"ಯಾವ ಸಾಲು ಅನ್ನೂದೂ?"

"ಅಕಿ ಅಂಟಿಸಿದ್ದನ್ನ ಕಡೀತನಕ ಓದಿದ್ದೆ. ನಿನ್ನ ಹೆಸರು ಕಂಡಿತ್ತು."

ಕಲ್ಮೇಶನ ದನಿ ಏರಿತು. ಅಜ್ಜನ ಮುಂದೆ ಅವನು ಎಂದೂ ದನಿ ಏರಿಸಿದವನಲ್ಲ.

"ಮತ್ತ ಹೇಳಬಾರದಾಗಿತ್ತೇನ್ರೀ? ಒಂದ ಮಾತ್ರೀ ಅಜ್ಜಾರ! ಇಲ್ಲಿ ನಿನ್ನ ಹೆಸರು ಉಳದೈತಿ, ತಗಿ ಅಂದಿದ್ರ ಮುಗೀತಿತ್ತು. ಮೇಷ್ಟ್ರು ಹಾಳಿ ನೋಡ್ತಿದ್ರು. ತಿದ್ದಿ ಕೊಡ್ತಿದ್ರು."

"ಹೌದು."

"ಯಾಕ ಹೇಳಲಿಲ್ರೀ?"

ಅಜ್ಜ ನೀರಿನಿಂದ ಕಾಲು ಮೇಲೆಳೆದುಕೊಂಡರು. ಕಲ್ಮೇಶ ಬಿಡದೆ ಕಾದ.

"ಹೇಳಿದ್ರ ನೀ ತಿದ್ದತಿದ್ದಿ, ಕಲೀತಿದ್ದಿಲ್ಲ ಅಂತ ಅನಿಸ್ತು. ತಾನಾಗೇ ಕಾಣಲಿ, ಗಟ್ಟಿ ಆಗ್ತಾನ ಅಂತ ಬಿಟ್ಟೆ. ಒಗಟು ಹಾಕಿ ಹೊಳೀಗೆ ಬಂದು ಕುಂತೆ. ನಿಜ ಹೇಳ್ಲ್ಯಾ? ಆ ಒಗಟು ನನಗ ಭಾಳ ಛಲೋ ಅನಿಸಿತ್ತು."

"ಮೇಷ್ಟ್ರು ಕಾಯಾಕತ್ತಾರ ಅಂತ ಅಕ್ಕಾರ ಬರದಿದ್ರಲ್ರೀ."

"ಅದನ್ನೂ ಓದಿದ್ದೆ. ಓದಿನೂ ನಿನ್ನ ಪಾಠದ ಕಡೇನ ನೋಡಿದೆ."

ಕಲ್ಮೇಶ ಅಜ್ಜನ ಪಕ್ಕದ ಮೆಟ್ಟಿಲ ಮೇಲೆ ಕೂತ. ಅವನ ಸಿಟ್ಟು ಇಳಿದಿರಲಿಲ್ಲ. ಆದರೂ ಎದ್ದು ಹೋಗಲಿಲ್ಲ.

"ಅಜ್ಜಾರ, ಇನ್ನ ಮುಂದ ಹೆಂಗ್ರೀ?"

"ಕಂಡದ್ದನ್ನ ಕಂಡ ಕೂಡಲೇ ಹೇಳ್ತೇನಿ" ಎಂದರು ಅಜ್ಜ. "ಹಳೇ ಚಟ, ಒಮ್ಮೊಮ್ಮೆ ಮರೀತೇನಿ. ನಾ ಮತ್ತ ಒಗಟು ಹಾಕಾಕ ಹತ್ತಿದ್ರ ನೀ ನನ್ನ ತಡದು ಕೇಳು, ಕಲ್ಮೇಶಾ. ಅಜ್ಜಾರ, ಆ ಕಡೆ ಯಾರು ಕಾಯಾಕತ್ತಾರ ಅಂತ."